ಮನೆಯೋ, ಅಂಗಳವೋ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನೆ ಕಟ್ಟುವುದರ ಕಷ್ಟವನ್ನು ಚೆನ್ನಾಗಿ ಬಲ್ಲ ನಮ್ಮ ಹಿರಿಯರು 'ಅಂಗಳ ಮಾಡಿ ನೋಡು' ಎಂದು ಮಾತ್ರ ಹೇಳಲಿಲ್ಲ. ಅಂಗಳವೆಂಬುದು ಮನೆಗಿಂತ ಬೇರೆಯಾದ ವಸ್ತುವೆಂದು ಅವರಿಗೆ ತೋರಿರಲಿಕ್ಕಿಲ್ಲ. ಜಗಲಿ, ಅಂಗಳ, ತುಳಸಿಕಟ್ಟೆ, ಬಾವಿಕಟ್ಟೆ, ಹಿತ್ತಲು ಇವೆಲ್ಲವೂ ಸೇರಿಯೇ ಅವರಿಗೆ ಮನೆ. ತೊಟ್ಟಿಮನೆಯಲ್ಲಂತೂ ಆಕಾಶವೇ ಮನೆಯ ನಡುವೆ ಇಳಿದು ಬರುತ್ತಿತ್ತು. ಮಳೆಯ ನೀರು ತೊಟ್ಟಿಗೆ ಬಿದ್ದು, ಅಲ್ಲಿಂದ ಕಿರುಗಾಲುವೆಯಲ್ಲಿ ಹರಿದು, ಹಿತ್ತಲಿನ ಬಾಳೆಯ ಬುಡವನ್ನು ಸೇರುತ್ತಿತ್ತು. ಗೋಡೆ ಎಬ್ಬಿಸಿದವನೂ ನೀರಿನ ದಾರಿಯನ್ನು ಗೊತ್ತುಮಾಡಿದವನೂ ಒಬ್ಬನೇ ಆಗಿದ್ದನು.

ಇಂದು ಆ ಒಂದು ಕೆಲಸ ಎರಡು ವೃತ್ತಿಗಳಾಗಿ ಕವಲೊಡೆದಿದೆ. ಕಟ್ಟಡವನ್ನು ರೂಪಿಸುವ ವಿದ್ಯೆಗೆ ವಾಸ್ತುಶಿಲ್ಪವೆಂದು ಹೆಸರು. ಅದನ್ನು ಬಲ್ಲವರು ಆರ್ಕಿಟೆಕ್ಟರು. (ವಾಸ್ತು ಎಂದೊಡನೆ, ಬಾಗಿಲು ಯಾವ ದಿಕ್ಕಿಗಿರಬೇಕೆಂದು ಹೇಳಿ ಹಣ ಪಡೆಯುವವರ ನೆನಪು ನಿಮಗೆ ಬಂದೀತು. ನಾನು ಹೇಳುತ್ತಿರುವುದು ಅವರ ವಿಷಯವಲ್ಲ.) ಕಟ್ಟಡದ ಹೊರಗಿನ ನೆಲವನ್ನು, ಎಂದರೆ ಅದರ ಏರುತಗ್ಗು, ಮಣ್ಣು, ನೀರು, ನೆರಳು, ದಾರಿ, ಮರಗಿಡಗಳನ್ನು ರೂಪಿಸುವ ವಿದ್ಯೆಗೆ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಎಂದು ಹೆಸರು. ಕನ್ನಡದಲ್ಲಿ ಅದನ್ನು ಭೂದೃಶ್ಯಶಿಲ್ಪವೆಂದು ಕರೆಯೋಣ.

ಕೆಲವು ತಿಂಗಳ ಹಿಂದೆ ನಮ್ಮ ಬೀದಿಯ ಹುಡುಗಿಯೊಬ್ಬಳು ನನ್ನಲ್ಲಿಗೆ ಬಂದಳು. ನಿಮ್ಮಂತೆಯೇ ಒಂಬತ್ತನೆಯ ತರಗತಿಯವಳು. ಚಿತ್ರ ಬರೆಯುವುದರಲ್ಲಿ ಕೈ ಪಳಗಿದೆ. "ಸರ್, ಈ ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಲಿ?" ಎಂದು ಕೇಳಿದಳು. ಕನ್ನಡದ ಮೇಷ್ಟರನ್ನು ಕೇಳುವ ಪ್ರಶ್ನೆಯೇ ಇದು ಎಂದು ನೀವು ನಗಬಹುದು. ನನಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಸುಮಾರು ಮೂವತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಯೊಬ್ಬ ತುಂಬಿದ ತರಗತಿಯಲ್ಲಿ ಕೇಳಿದ್ದನು. ಆಗ ನಾನು ನಕ್ಕು, "ಮಾಲಿಯ ಕೆಲಸಕ್ಕೆ ಅಷ್ಟು ವರ್ಷ ಓದಬೇಕೇನಯ್ಯಾ?" ಎಂದುಬಿಟ್ಟಿದ್ದೆ. ತರಗತಿಯೆಲ್ಲ ಗೊಳ್ಳೆಂದಿತು. ಅವನು ತಲೆ ತಗ್ಗಿಸಿ ಕುಳಿತನು. ಮುಂದೆ ಅವನು ವಾಸ್ತುಶಿಲ್ಪವನ್ನು ಓದಿ ಆರ್ಕಿಟೆಕ್ಟನಾದನೆಂದು ಕೇಳಿದ್ದೇನೆ; ಸುಖವಾಗಿಯೇ ಇದ್ದಾನಂತೆ. ಆದರೆ ಆ ಆಯ್ಕೆಯನ್ನು ಮಾಡಿದ್ದು ಅವನೋ ನನ್ನ ನಗುವೋ ಎಂಬ ಸಂಶಯ ನನ್ನನ್ನು ಬಿಟ್ಟಿಲ್ಲ. ಮಾಲಿಯ ಕೆಲಸ ಹಗುರವೆಂದು ತಿಳಿದದ್ದು ನನ್ನ ಒಂದು ತಪ್ಪು. ಅರಿಯದ ವಿಷಯದಲ್ಲಿ ತೀರ್ಪು ಕೊಟ್ಟದ್ದು ಇನ್ನೊಂದು. ಆ ಹುಡುಗನಿಗೆ ಹೇಳಬೇಕಾಗಿದ್ದ ಉತ್ತರವನ್ನು ಈಗ ನಿಮ್ಮೆದುರು ಹೇಳಲು ಯತ್ನಿಸುತ್ತೇನೆ.

ನನಗೆ ಈ ವಿಷಯದಲ್ಲಿ ಕಣ್ಣು ತೆರೆಸಿದ್ದು ಪುಸ್ತಕವಲ್ಲ, ಒಂದು ಶಾಲೆಯ ಕಟ್ಟಡ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದೂರಿನಲ್ಲಿ ಶಾಲೆಗೆ ಹೊಸ ಕಟ್ಟಡವಾಯಿತು. ಕಟ್ಟಡವನ್ನು ನಾನು ದೂರಲಾರೆ. ಎತ್ತರವಾದ ಮಾಡು, ಅಗಲವಾದ ಕಿಟಕಿಗಳು, ಧಾರಾಳವಾಗಿ ಗಾಳಿ ಬೆಳಕು. ಹಿಂದೆ ಒಂದು ಸಣ್ಣ ಗುಡ್ಡವಿತ್ತು. ಗುಡ್ಡದ ನೀರು ಒಂದು ಹಳೆಯ ಓಣಿಯಲ್ಲಿ ಇಳಿದು ಬಂದು ಊರ ಕೆರೆಯ ಕಡೆಗೆ ಹೋಗುತ್ತಿತ್ತು. ಓಣಿಯ ಎರಡೂ ಬದಿಗೆ ಹೊಂಗೆಯ ಮರಗಳಿದ್ದವು. ಕಟ್ಟಡಕ್ಕಾಗಿ ನೆಲವನ್ನು ಮಟ್ಟಮಾಡುವಾಗ ಮರಗಳನ್ನು ಕಡಿದು, ಓಣಿಯನ್ನು ಮುಚ್ಚಿದರು. ಮೊದಲನೆಯ ಮಳೆಗಾಲದಲ್ಲಿಯೇ ನೀರು ಹಿಂದಿನ ಬಾಗಿಲಿನಿಂದ ಎಂಟನೆಯ ತರಗತಿಯನ್ನು ಪ್ರವೇಶಿಸಿತು. ಅಂದಿನಿಂದ ನಾನು ಅಲ್ಲಿಂದ ವರ್ಗವಾಗುವವರೆಗೂ ಪ್ರತಿ ವರ್ಷ ಮಕ್ಕಳು ಬೆಂಚಿನ ಮೇಲೆ ಕಾಲು ಮಡಿಸಿ ಕುಳಿತು ಹಳಗನ್ನಡದ ಪದ್ಯಗಳನ್ನು ಕಲಿತರು. ಬೇಸಗೆಯಲ್ಲಿ ಬೇರೊಂದು ಪಾಡು: ಬುತ್ತಿ ಬಿಚ್ಚಲು ಅಂಗಳದಲ್ಲಿ ಒಂದು ಗೇಣು ನೆರಳಿಲ್ಲ.

ಆ ನಕ್ಷೆಯನ್ನು ಒಮ್ಮೆ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಕಂಡೆ. ಕಟ್ಟಡವನ್ನು ಅಂಗುಲ ಅಂಗುಲವಾಗಿ ಬರೆದಿದ್ದರು. ಅದರ ಸುತ್ತಲೂ ಬಿಳಿಯ ಕಾಗದ. ಬರೆದವರು ಅಸಮರ್ಥರಲ್ಲ, ಅಪ್ರಾಮಾಣಿಕರೂ ಅಲ್ಲ. ಕಾಗದ ಬಿಳಿಯಾಗಿರುವ ಕಡೆ ಏನೂ ಇಲ್ಲವೆಂದು ತಿಳಿದರು, ಅಷ್ಟೆ. ಆ ಬಿಳಿಯ ಭಾಗದಲ್ಲಿ ಗುಡ್ಡವಿತ್ತು, ಓಣಿಯಿತ್ತು, ಮರಗಳಿದ್ದವು, ನೂರಾರು ವರ್ಷಗಳಿಂದ ಒಂದೇ ದಾರಿಯಲ್ಲಿ ನಡೆದು ಬಂದ ನೀರಿತ್ತು. ಭೂದೃಶ್ಯಶಿಲ್ಪಿಯ ಕೆಲಸವಿರುವುದು ಆ ಬಿಳಿಯ ಭಾಗದಲ್ಲಿ.

ಇವರು ಹೂಕುಂಡಗಳನ್ನು ಸಾಲಾಗಿ ಇಡುವವರೆಂದೇ ಬಹು ಜನರ ಎಣಿಕೆ. ವಾಸ್ತವವಾಗಿ ಅವರು ಮೊದಲು ಕೈಗೆತ್ತಿಕೊಳ್ಳುವುದು ನೆಲದ ಮಟ್ಟವನ್ನು. ಎಲ್ಲಿ ಎಷ್ಟು ಎತ್ತರ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಎಲ್ಲಿ ಇಂಗಿಸಬೇಕು, ಎಲ್ಲಿ ಸಾಗಹಾಕಬೇಕು ಎಂಬ ಲೆಕ್ಕ ಮುಗಿದ ಮೇಲೆಯೇ ಗಿಡದ ಮಾತು. ಸಮತಟ್ಟಾಗಿ ಕಾಣುವ ಒಳ್ಳೆಯ ಅಂಗಳವೂ ನಿಜವಾಗಿ ಸಮತಟ್ಟಲ್ಲ. ನೂರು ಅಡಿಗೆ ಒಂದಡಿಯಷ್ಟಾದರೂ ಇಳಿಜಾರು ಕೊಡದಿದ್ದರೆ ಅಲ್ಲಿ ನೀರು ನಿಲ್ಲುತ್ತದೆ. ಗಾಲಿಕುರ್ಚಿಯಲ್ಲಿ ಬರುವವರಿಗಾಗಿ ಮಾಡುವ ಇಳಿದಾರಿ ಹನ್ನೆರಡು ಅಡಿಗೆ ಒಂದಡಿಗಿಂತ ಹೆಚ್ಚು ಏರಬಾರದು. ಯಾವ ಮರದ ಬೇರು ಗೋಡೆಯನ್ನು ಬಿರಿಸುತ್ತದೆ, ಯಾವುದು ಬೇಸಗೆಯಲ್ಲಿ ನೆರಳಿತ್ತು ಚಳಿಗಾಲದಲ್ಲಿ ಎಲೆಯುದುರಿಸಿ ಬಿಸಿಲನ್ನು ಒಳಗೆ ಬಿಡುತ್ತದೆ ಎಂಬುದನ್ನು ಅರಿತಿರಬೇಕು. ಉದ್ಯಾನ, ವಿದ್ಯಾಲಯಗಳ ಆವರಣ, ನಗರದ ಬೀದಿ, ಕೆರೆಯ ದಂಡೆ, ಗಣಿಗಾರಿಕೆ ಮುಗಿದು ಹಾಳುಬಿದ್ದ ಭೂಮಿ ಎಲ್ಲವೂ ಈ ವೃತ್ತಿಯ ಕ್ಷೇತ್ರವೇ.

ಈ ವೃತ್ತಿಗೆ ಇಂದಿನ ಹೆಸರು ನೆಲೆಗೊಂಡದ್ದು ಅಮೆರಿಕದಲ್ಲಿ. ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕಿಗಾಗಿ ನಡೆದ ನಕ್ಷೆಗಳ ಸ್ಪರ್ಧೆಯಲ್ಲಿ 1858ರಲ್ಲಿ ಗೆದ್ದವರು ಇಬ್ಬರು. ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ವ್ಯವಸಾಯ ಮಾಡಿ, ಪತ್ರಿಕೆಗಳಿಗೆ ಬರೆದು, ಹಲವು ಕೆಲಸಗಳನ್ನು ಕೈಹಾಕಿ ಬಿಟ್ಟಿದ್ದವನು. ಕಾಲ್ವರ್ಟ್ ವಾಕ್ಸ್ ಇಂಗ್ಲೆಂಡಿನಿಂದ ಬಂದಿದ್ದ ಆರ್ಕಿಟೆಕ್ಟ್. ಕಟ್ಟಡವನ್ನು ಬಲ್ಲವನೂ ನೆಲವನ್ನು ಬಲ್ಲವನೂ ಕೂಡಿ ಮಾಡಿದ ಕೆಲಸವದು. 843 ಎಕರೆಗಳ ಆ ಉದ್ಯಾನ ನೋಡಲು ಪ್ರಕೃತಿಯೇ ಇಟ್ಟಂತೆ ತೋರುತ್ತದೆ. ಆದರೆ ಅದು ಬಂಡೆ ಜೌಗುಗಳಿಂದ ತುಂಬಿದ್ದ ಪ್ರದೇಶ. ಬಂಡೆಗಳನ್ನು ಸಿಡಿಸಿ, ಹೊರಗಿನಿಂದ ಮಣ್ಣು ತಂದು, ಕೆರೆಗಳನ್ನು ತೋಡಿ ಮಾಡಿದ್ದು. ನಗರದ ನಾಲ್ಕು ರಸ್ತೆಗಳು ಉದ್ಯಾನವನ್ನು ಅಡ್ಡಹಾಯಲೇಬೇಕಾಗಿತ್ತು. ಅವನ್ನು ಈ ಇಬ್ಬರು ನೆಲಮಟ್ಟಕ್ಕಿಂತ ಕೆಳಗೆ ಇಳಿಸಿಬಿಟ್ಟರು. ಗಾಡಿಗಳು ಕೆಳಗೆ ಸಾಗುತ್ತವೆ; ಮೇಲೆ ನಡೆಯುವವನಿಗೆ ರಸ್ತೆಯೊಂದಿದೆ ಎಂಬುದೇ ತಿಳಿಯುವುದಿಲ್ಲ. ಕುದುರೆಗಾಡಿಗಳ ಕಾಲದಲ್ಲಿ ಯೋಚಿಸಿದ ಈ ಉಪಾಯ ಮೋಟಾರುಗಳ ಕಾಲದಲ್ಲಿಯೂ ಸಲ್ಲುತ್ತಿದೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧಸತ್ಯವಾಗುತ್ತದೆ. ಆ ಉದ್ಯಾನಕ್ಕೆ ಗೊತ್ತುಮಾಡಿದ ನೆಲದಲ್ಲಿ ಸೆನೆಕಾ ವಿಲೇಜ್ ಎಂಬ ಊರೊಂದಿತ್ತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಕರಿಯ ಜನಾಂಗದವರು. ಹಲವರಿಗೆ ಸ್ವಂತ ಮನೆ ಜಮೀನುಗಳಿದ್ದವು. ಚರ್ಚುಗಳೂ ಶಾಲೆಯೂ ಇದ್ದವು. 1857ರಲ್ಲಿ ಅವರೆಲ್ಲರೂ ಆ ಸ್ಥಳವನ್ನು ತೆರವು ಮಾಡಬೇಕಾಯಿತು. ನಕ್ಷೆಯ ಬಿಳಿಯ ಭಾಗದಲ್ಲಿ ಮರ ನೀರುಗಳಷ್ಟೇ ಅಲ್ಲ, ಮನುಷ್ಯರೂ ಇರುತ್ತಾರೆ. ಹಸಿರಿನ ಹೆಸರಿನಲ್ಲಿ ಮಾಡಿದ್ದೆಲ್ಲವೂ ನಿರ್ದೋಷವೆಂದು ಭಾವಿಸಬೇಡಿ.

ಇನ್ನು ನಮ್ಮ ನಾಡಿನ ಮಾತು. ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡದ ಸಂಸ್ಥಾನದಲ್ಲಿದ್ದ ಜಿ. ಎಚ್. ಕ್ರುಂಬಿಗಲ್ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಹೈದರಾಲಿಯ ಕಾಲದಲ್ಲಿ ಆರಂಭವಾದ ಲಾಲ್‌ಬಾಗು ಇವರ ಕೈಯಲ್ಲಿ ಬೆಳೆಯಿತು. ಅವರ ಇನ್ನೊಂದು ಕೆಲಸ ಅದಕ್ಕಿಂತ ದೊಡ್ಡದೆಂದು ನನ್ನ ಭಾವನೆ. ಒಂದು ಜಾತಿಯ ಮರ ಹೂಬಿಟ್ಟು ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿಯದು ಅರಳಬೇಕು, ಬೆಂಗಳೂರಿನ ಬೀದಿಗಳಲ್ಲಿ ವರ್ಷದ ಯಾವ ಕಾಲದಲ್ಲಿಯೂ ಹೂವಿಲ್ಲದಿರಬಾರದು ಎಂದು ಅವರು ಯೋಚಿಸಿದರು. ನಾವು ದಿನದರ್ಶಿಕೆಯಲ್ಲಿ ತಿಂಗಳುಗಳನ್ನು ನೋಡಿದರೆ ಅವರು ಮರಗಳಲ್ಲಿ ನೋಡಿದರು. 1956ರಲ್ಲಿ ಅವರು ಬೆಂಗಳೂರಿನಲ್ಲಿಯೇ ತೀರಿಕೊಂಡರು. ಅವರು ಹಾಕಿದ ಆ ಕ್ರಮ, ನಡುವೆ ಎಷ್ಟೋ ಮರಗಳು ಉರುಳಿದ ಮೇಲೆಯೂ, ಇನ್ನೂ ಅಲ್ಲಲ್ಲಿ ಉಳಿದಿದೆ.

ಈ ಎರಡು ವೃತ್ತಿಗಳ ನಡುವಣ ನಿಜವಾದ ಅಂತರ ನನಗೆ ಕಂಡದ್ದು ಇಲ್ಲಿಯೇ. ಕಟ್ಟಡವು ಪೂರ್ಣವಾಗುವುದು ಗೃಹಪ್ರವೇಶದ ದಿನ. ಆ ದಿನದಿಂದ ಅದು ಹಳೆಯದಾಗುತ್ತ ಹೋಗುತ್ತದೆ. ಅಂಗಳದಲ್ಲಿ ನೆಟ್ಟ ಸಸಿ ಅಂದಿನಿಂದ ಬೆಳೆಯಲು ತೊಡಗುತ್ತದೆ; ಅದು ನಕ್ಷೆಯಲ್ಲಿ ಬರೆದಂತೆ ನೆರಳು ಕೊಡುವ ಹೊತ್ತಿಗೆ ಬರೆದವರಿಗೆ ವಯಸ್ಸಾಗಿರುತ್ತದೆ, ಇಲ್ಲವೇ ಅವರು ಇರುವುದೇ ಇಲ್ಲ. ದೆಹಲಿಯ ಹುಮಾಯೂನನ ಸಮಾಧಿಯ ಸುತ್ತಲಿನ ತೋಟದ ಜೀರ್ಣೋದ್ಧಾರದಲ್ಲಿ ಭೂದೃಶ್ಯಶಿಲ್ಪಿಯಾಗಿ ದುಡಿದವರು ಮೊಹಮ್ಮದ್ ಶಹೀರ್. ಪಕ್ಕದ ಸುಂದರ್ ನರ್ಸರಿಗೆ ಹೊಸ ರೂಪವನ್ನು ಕಲ್ಪಿಸಿದವರೂ ಅವರೇ. ಸುಮಾರು 90 ಎಕರೆಗಳ ಆ ಉದ್ಯಾನ 2018ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಶಹೀರ್ 2015ರಲ್ಲಿಯೇ ತೀರಿಕೊಂಡಿದ್ದರು. ಮಾಡಿದ ಕೆಲಸವನ್ನು ಮುಗಿದ ರೂಪದಲ್ಲಿ ಕಣ್ಣಾರೆ ಕಾಣಬೇಕೆಂಬ ಹಂಬಲ ನಿಮಗೆ ಬಲವಾಗಿದ್ದರೆ, ಕಟ್ಟಡದ ವಿದ್ಯೆಯೇ ನಿಮಗೆ ಒಪ್ಪುತ್ತದೆ. ಅದರಲ್ಲಿ ನಾಚಿಕೆಯೇನೂ ಇಲ್ಲ. ಆ ಹಂಬಲವಿಲ್ಲದೆ ಒಳ್ಳೆಯ ಕಟ್ಟಡಗಳು ಏಳುತ್ತಿರಲಿಲ್ಲ.

ನೆಲವನ್ನು ಹೊಗಳುವ ಭರದಲ್ಲಿ ನಾನು ಕಟ್ಟಡವನ್ನು ಕೀಳುಮಾಡಲಾರೆ. ಮಳೆ ಬಿಸಿಲು ಕಳ್ಳಕಾಕರಿಂದ ರಕ್ಷಣೆ ಮನುಷ್ಯನ ಮೊದಲ ಅಗತ್ಯ. ಸಣ್ಣ ನಿವೇಶನದಲ್ಲಿ, ಸಣ್ಣ ಸಂಬಳದಲ್ಲಿ, ಒಂದು ಕುಟುಂಬ ಮರ್ಯಾದೆಯಿಂದ ಬಾಳುವಂತಹ ಮನೆಯನ್ನು ರೂಪಿಸುವುದಕ್ಕೆ ಬೇಕಾದ ಜಾಣ್ಮೆ ಅಲ್ಪವಲ್ಲ. ಬೆಳಕು ಯಾವ ಕಡೆಯಿಂದ ಬರಬೇಕು, ಮೆಟ್ಟಿಲು ಎಲ್ಲಿ ತಿರುಗಬೇಕು, ಅಜ್ಜಿಯ ಕೋಣೆಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆ ಎಂದು ಯೋಚಿಸುವವರೇ ಒಳ್ಳೆಯ ಆರ್ಕಿಟೆಕ್ಟರು. ಅವರಲ್ಲಿ ಶ್ರೇಷ್ಠರಾದವರು ಅಂಗಳವನ್ನೂ ಮರೆತವರಲ್ಲ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್‌ನ ಆವರಣವನ್ನು ರೂಪಿಸಿದವರು ಬಾಲಕೃಷ್ಣ ದೋಶಿ. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲ ಭಾರತೀಯರೆನಿಸಿದವರು ಇವರು. ಬೂದುಬಣ್ಣದ ಕಲ್ಲಿನ ಆ ಉದ್ದನೆಯ ಮೊಗಸಾಲೆಗಳಲ್ಲಿ ನಡೆಯುವಾಗ ಒಳಗಿದ್ದೇವೆಯೋ ಹೊರಗಿದ್ದೇವೆಯೋ ಎಂದು ಅನುಮಾನವಾಗುತ್ತದೆ. ಒಂದು ಕಡೆ ಮಾಡು, ಇನ್ನೊಂದು ಕಡೆ ತೊಲೆಗಳ ನಡುವೆ ಆಕಾಶ, ಬಳ್ಳಿಗಳ ನೆರಳು. ನಮ್ಮ ತೊಟ್ಟಿಮನೆ ಬೆಳೆದು ವಿದ್ಯಾಲಯವಾಯಿತೋ ಎಂದು ನನಗನ್ನಿಸಿತು.

ಶ್ರೀಲಂಕೆಯ ಜೆಫ್ರಿ ಬಾವಾ ಅವರ ಕಥೆ ಇನ್ನೂ ಸ್ವಾರಸ್ಯವಾದುದು. ಅವರು ಓದಿದ್ದು ನ್ಯಾಯಶಾಸ್ತ್ರ. 1948ರಲ್ಲಿ ಬೆಂಟೋಟದ ಬಳಿ ಸರೋವರದ ದಂಡೆಯ ರಬ್ಬರ್ ತೋಟವೊಂದನ್ನು ಕೊಂಡು ಲುನುಗಂಗ ಎಂಬ ಹೆಸರಿಟ್ಟು, ಉದ್ಯಾನವನ್ನಾಗಿ ಮಾಡತೊಡಗಿದರು. ಮಾಡುತ್ತ ಮಾಡುತ್ತ ತಮಗೆ ತಿಳಿವಳಿಕೆ ಸಾಲದೆಂದು ಅರಿವಾಯಿತು. ಆಗ ಲಂಡನ್ನಿನಲ್ಲಿ ವಾಸ್ತುಶಿಲ್ಪವನ್ನು ಓದಿ, 1957ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ, ಅರ್ಹತೆ ಪಡೆದರು. ಮುಂದೆ ಏಷ್ಯದ ಹಿರಿಯ ವಾಸ್ತುಶಿಲ್ಪಿಗಳಲ್ಲಿ ಒಬ್ಬರೆನಿಸಿದರು. ಅಂಗಳವೇ ಅವರನ್ನು ಮನೆಯ ಕಡೆಗೆ ಕರೆದೊಯ್ದಿತು. ಒಂಬತ್ತನೆಯ ತರಗತಿಯಲ್ಲಿಯೇ ಎಲ್ಲವೂ ನಿರ್ಧಾರವಾಗದಿದ್ದರೆ ಬಾಳೇ ಕೆಟ್ಟಿತೆಂದು ಕಳವಳಪಡುವ ತಂದೆತಾಯಿಗಳಿಗೆ ಈ ಕಥೆಯನ್ನು ಹೇಳಿ.

ತಂದೆತಾಯಿಗಳ ಕಳವಳಕ್ಕೆ ಕಾರಣವಿಲ್ಲದಿಲ್ಲ. ನಮ್ಮ ದೇಶದಲ್ಲಿ ಭೂದೃಶ್ಯಶಿಲ್ಪಿಗಳ ಸಂಖ್ಯೆ ಕಡಿಮೆ, ಅವರನ್ನು ಬಲ್ಲವರ ಸಂಖ್ಯೆ ಇನ್ನೂ ಕಡಿಮೆ. ಕಟ್ಟಡವೆಲ್ಲ ಎದ್ದ ಮೇಲೆ, ಹಣವೆಲ್ಲ ಕರಗಿದ ಮೇಲೆ, "ಸ್ವಲ್ಪ ಹಸಿರು ಮಾಡಿಕೊಡಿ" ಎಂದು ಅವರನ್ನು ಕರೆಯುವುದುಂಟು. ಮಾಡಿದ ಕೆಲಸ ಉಳಿಯಬೇಕಾದರೆ ದಿನವೂ ನೀರೆರೆಯುವ, ಸವರುವ ಕೈಗಳು ಬೇಕು; ಆ ಕೈಗಳಿಗೆ ಸಂಬಳ ಕೊಡುವವರು ಬೇಕು. ಅದಿಲ್ಲದೆ ಎರಡೇ ವರ್ಷಗಳಲ್ಲಿ ಒಣಗಿಹೋದ ಉದ್ಯಾನಗಳನ್ನು ನೀವೂ ಕಂಡಿರಬಹುದು. ಮಾಲಿಯನ್ನು ಹಗುರವಾಗಿ ಕಂಡ ನನ್ನಂಥವರಿಗೆ ಅಲ್ಲಿ ತಕ್ಕ ಉತ್ತರ ಸಿಗುತ್ತದೆ.

ಹೀಗಿದ್ದರೂ ನನ್ನ ಒಲವು ನೆಲದ ಕಡೆಗೇ. ಕಾರಣ ಹೇಳುತ್ತೇನೆ. ಬೆಂಗಳೂರಿನ ಹಳೆಯ ಕೆರೆಗಳು ಒಂದಕ್ಕೊಂದು ಸರಪಣಿಯಂತೆ ಹೊಂದಿಕೊಂಡಿದ್ದವು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ ಹೋಗುತ್ತಿತ್ತು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಇಂದು ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ನಗರದ ಪೂರ್ವಭಾಗದ ಬಡಾವಣೆಗಳು ಮುಳುಗಿ, ಕಂಪ್ಯೂಟರ್ ಸಂಸ್ಥೆಗಳ ನೌಕರರು ಟ್ರಾಕ್ಟರು ದೋಣಿಗಳಲ್ಲಿ ಸಾಗಬೇಕಾಯಿತು. ಅಲ್ಲಿ ನಿಂತಿದ್ದ ಕಟ್ಟಡಗಳಲ್ಲಿ ಎಷ್ಟೋ ಸುಂದರವಾದವು, ಗಟ್ಟಿಯಾದವು. ನಮ್ಮ ಶಾಲೆಯ ಓಣಿಯ ಕಥೆಯೇ ಅಲ್ಲಿ ದೊಡ್ಡ ಅಕ್ಷರಗಳಲ್ಲಿ ನಡೆಯಿತು. ಕಟ್ಟಬಲ್ಲವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಕಟ್ಟುವ ಮೊದಲು ನೆಲವನ್ನು ಓದಿ, "ಇಲ್ಲಿ ಬೇಡ, ಅಲ್ಲಿ" ಎಂದು ಹೇಳಬಲ್ಲವರು ಸಾಲದು. ಹೇಳಿದವರ ಮಾತು ನಡೆದೀತೆಂಬ ಭರವಸೆ ನನಗೂ ಇಲ್ಲ. ಆದರೆ ಹೇಳುವವರೇ ಇಲ್ಲದಿದ್ದರೆ ನಡೆಯುವ ಮಾತೆಲ್ಲಿ?

ನಮ್ಮ ದೇಶದ ಏರ್ಪಾಟು ಈ ಆಯ್ಕೆಯನ್ನು ಒಂದು ರೀತಿಯಲ್ಲಿ ಸುಲಭಮಾಡಿದೆ. ವಾಸ್ತುಶಿಲ್ಪದ ಪದವಿಗೆ ಐದು ವರ್ಷಗಳ ಓದು. ಅದಕ್ಕೆ ಪದವಿಪೂರ್ವ ತರಗತಿಯಲ್ಲಿ ಗಣಿತ ಭೌತಶಾಸ್ತ್ರಗಳನ್ನು ಓದಿರಬೇಕು, ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಭೂದೃಶ್ಯಶಿಲ್ಪವಾದರೋ ಬಹುಮಟ್ಟಿಗೆ ಆ ಪದವಿಯ ಮೇಲಣ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣ. 1972ರ ಆರ್ಕಿಟೆಕ್ಟರ ಕಾಯಿದೆಯಂತೆ, ನೋಂದಣಿಯಿಲ್ಲದವರು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರಿಗೂ ಹಡಗುಗಳನ್ನು ರೂಪಿಸುವ ನೇವಲ್ ಆರ್ಕಿಟೆಕ್ಟರಿಗೂ ಮಾತ್ರ ಆ ನಿಷೇಧದಿಂದ ವಿನಾಯಿತಿ. ಇದು ಗೌರವವೋ ಅಲಕ್ಷ್ಯವೋ ಎಂದು ನಾನು ಹಲವು ಬಾರಿ ಯೋಚಿಸಿದ್ದೇನೆ. ನೆಲದ ಹೊಣೆ ಹೊತ್ತವರಿಗೂ ಅಂತಹದೊಂದು ನೋಂದಣಿ ಇರುವುದೇ ಲೇಸೆಂದು ನನಗೆ ತೋರುತ್ತದೆ.

ಆದುದರಿಂದ ನಮ್ಮ ಬೀದಿಯ ಹುಡುಗಿಗೆ ನಾನು ಹೇಳಿದ್ದಿಷ್ಟು: "ಎರಡರಲ್ಲಿಯೂ ಮನಸ್ಸಿದ್ದರೆ ಮೊದಲು ಕಟ್ಟಡವನ್ನು ಕಲಿ. ಗೋಡೆಯ ಕಷ್ಟವನ್ನು ಅರಿತವಳ ಮಾತನ್ನು ಗೋಡೆ ಕಟ್ಟುವವರು ಕೇಳಿಯಾರು. ನೆಲದ ಆಸೆ ಐದು ವರ್ಷಗಳ ಬಳಿಕವೂ ಉಳಿದಿದ್ದರೆ ಆ ದಾರಿ ಅಲ್ಲಿಯೇ ತೆರೆದಿರುತ್ತದೆ. ಅಷ್ಟರಲ್ಲಿ ಆಸೆಯೇ ಬದಲಾದರೆ ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ."

ಅವಳು ತಾನು ಬರೆದಿದ್ದ ಚಿತ್ರವೊಂದನ್ನು ತೋರಿಸಿದಳು. ಅವಳ ಶಾಲೆಯ ಚಿತ್ರ. ಕಿಟಕಿಗಳ ಸಂಖ್ಯೆ ಕೂಡ ಸರಿಯಾಗಿತ್ತು. ಮುಂದೆ ಒಂದು ಮರವೆಂದು ಹಸಿರು ಉಂಡೆಯೊಂದನ್ನು ಬರೆದಿದ್ದಳು. "ಯಾವ ಮರವಮ್ಮ ಇದು?" ಎಂದೆ. ಅವಳಿಗೆ ತಿಳಿದಿರಲಿಲ್ಲ. ಮರುದಿನ ಸಂಜೆ ಬಂದಾಗ ಕೈಯಲ್ಲಿ ಒಂದು ಎಲೆಯೂ ಚಪ್ಪಟೆಯಾದ ಒಂದು ಕಾಯಿಯೂ ಇದ್ದವು. ಹೊಂಗೆಯದು. ಜೊತೆಗೆ, ಮರದ ಬುಡಕ್ಕಿಂತ ಶಾಲೆಯ ಹೊಸ್ತಿಲು ಎಷ್ಟು ಎತ್ತರದಲ್ಲಿದೆಯೆಂದು ದಾರ ಕಟ್ಟಿ ಅಳೆದು ತಂದಿದ್ದಳು.